ಗಾಯ ಮನಸ್ಸಿಗಾದಾಗ: ಎಲೀಯನಿಂದ ಒಂದು ಪಾಠ

ಸತ್ಯವೇದದಲ್ಲಿ 1 ಅರಸುಗಳು 19ನೇ ಅಧ್ಯಾಯ ತೆಗೀರಿ.

ಕರ್ಮೆಲಿನಲ್ಲಿ ಪ್ರಾರ್ಥಿಸಿ ಬೆಂಕಿ ಇಳಿಸಿದ ಎಲೀಯ, ಈಜೆಬೆಲಳ ಒಂದು ಬೆದರಿಕೆಗೆ ಓಡಿಹೋಗಿ, ಜಾಲೀಗಿಡದ ಕೆಳಗೆ ಕೂತು ಸಾವನ್ನೇ ಬೇಡಿಕೊಳ್ಳುತ್ತಾನೆ. ಅವನಿಗೆ ಪಿ.ಟಿ.ಎಸ್.ಡಿ. ಇತ್ತು ಅಂತ ನಾನು ಹೇಳ್ತಿಲ್ಲ. ಅಷ್ಟು ಹೇಳೋಕೆ ಬೈಬಲ್ ಕಾಲೇಜಿನ ಡಿಪ್ಲೊಮಾ ಸಾಕಾಗಲ್ಲ! ದೇವರು ಅವನನ್ನು ಹೇಗೆ ನೋಡಿಕೊಂಡರು ಅನ್ನೋದು ನಮಗೆ ಬೇಕು.

ಪಿ.ಟಿ.ಎಸ್.ಡಿ. ಅಂದ್ರೆ, ಭಯಾನಕ ಘಟನೆ ಮುಗಿದಿದ್ದರೂ ಮೆದುಳು, ದೇಹ ಎರಡೂ ಅದು ಮುಗಿದೇ ಇಲ್ಲ ಅನ್ನೋ ಹಾಗೆ ನಡೆದುಕೊಳ್ಳೋದು. ಹೊಸೂರು ರಸ್ತೆಯಲ್ಲಿ ಆಕ್ಸಿಡೆಂಟ್ ಆದ ಒಬ್ಬನನ್ನು ನೆನೆಸಿಕೊಳ್ಳಿ. ಕಾಲಿನ ಪ್ಲಾಸ್ಟರ್ ತೆಗೆದಾಗಿದೆ. ಆದರೂ ಲಾರಿ ಹಾರ್ನ್ ಕೇಳಿದ್ರೆ ಎದೆ ಡವಡವ, ಮೈಯೆಲ್ಲ ಬೆವರು. ಆ ದಾರಿ ಬಿಟ್ಟು ಸುತ್ತು ಹಾಕ್ಕೊಂಡು ಹೋಗ್ತಾನೆ. ರಾತ್ರಿ ಅದೇ ಕನಸು. ಮನೆಯವರ ಮೇಲೆ ಸಿಡುಕು, ಒಳಗೊಳಗೆ ‘ತಪ್ಪು ನನ್ನದೇ’ ಅನ್ನೋ ಕೊರಗು. ಮೊದಲ ಕೆಲವು ವಾರ ಹೀಗಾಗೋದು ಸಹಜ, ಬಹಳ ಜನಕ್ಕೆ ತಾನಾಗೇ ಇಳಿಯುತ್ತೆ. ತಿಂಗಳು ದಾಟಿಯೂ ಬದುಕು ಕೆಡಿಸ್ತಿದ್ರೆ ವೈದ್ಯರು ಈ ಹೆಸರು ಕೊಡ್ತಾರೆ. ಮೊದಲನೇ ಮಹಾಯುದ್ಧದಲ್ಲಿ ‘ಶೆಲ್ ಶಾಕ್’ ಅಂತಿದ್ದರು, ನರಳಿದ ಎಷ್ಟೋ ಸೈನಿಕರಿಗೆ ಹೇಡಿ ಅನ್ನೋ ಹೆಸರೂ ಬಂತು. ಈಗಿನ ಹೆಸರು ವೈದ್ಯಕೀಯ ಪಟ್ಟಿಗೆ ಸೇರಿದ್ದು 1980ರಲ್ಲಿ. ಕೆಲವು ಸಭೆಗಳಲ್ಲಿ ಇವತ್ತಿಗೂ ಹೇಡಿ ಅನ್ನೋ ಬದಲು ‘ನಂಬಿಕೆ ಇಲ್ಲದವನು’ ಅಂತಾರೆ, ಅಷ್ಟೇ ವ್ಯತ್ಯಾಸ.

ಎಲೀಯನಿಗೆ ದೇವರು ಬೈಯಲಿಲ್ಲ. ಮೊದಲು ನಿದ್ದೆ. ಆಮೇಲೆ ದೂತ ಮುಟ್ಟಿ ಎಬ್ಬಿಸಿ, ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು ಕೊಟ್ಟ. ಮತ್ತೆ ನಿದ್ದೆ, ಮತ್ತೆ ಊಟ. ಇಲ್ಲೇನು ಮಾಡ್ತಿದ್ದೀಯ ಅಂತ ಕೇಳಿದ್ದು ಹೋರೇಬಿನಲ್ಲಿ, ನಲವತ್ತು ದಿನ ನಡೆದ ಮೇಲೆ! ಕೆಲವರು ಘಟನೆ ನಡೆದ ವಾರದಲ್ಲೇ ಕೈಗೆ ಮೈಕ್ ಕೊಟ್ಟು “ಸಾಕ್ಷಿ ಹೇಳಿ ಬ್ರದರ್” ಅಂತಾರೆ. ದಯವಿಟ್ಟು ಬೇಡ. ಬಲವಂತವಾಗಿ ಹೇಳಿಸೋದು ಗಾಯ ಕೆದಕಿದ ಹಾಗೆ.

ತರಬೇತಿ ಪಡೆದ ಥೆರಪಿಸ್ಟ್ ಜೊತೆ ಆ ನೆನಪನ್ನು ನಿಧಾನವಾಗಿ ಎದುರಿಸೋದು ಬೇರೆ. ಅದರಿಂದ ಬಹಳ ಜನ ಚೇತರಿಸಿಕೊಂಡಿದ್ದಾರೆ. ಕೆಲವರಿಗೆ ಮಾತ್ರೆಯೂ ಬೇಕಾಗುತ್ತೆ. ಬಿಡುಗಡೆಯ ಪ್ರಾರ್ಥನೆ ಆಯ್ತು ಅಂತ ಮಾತ್ರೆ ಎಸೆಯಬೇಡಿ, ಡಾಕ್ಟರ್ ಹೇಳದೆ ನಿಲ್ಲಿಸಬೇಡಿ. ತಲೆ ಮೇಲೆ ಕೈಯಿಟ್ಟು ಪ್ರಾರ್ಥಿಸುವ ನಾನೇ ಹೇಳ್ತಿದ್ದೀನಿ. ನಿಮ್ಹಾನ್ಸ್ ನಮ್ಮ ಬೆಂಗಳೂರಲ್ಲೇ ಇದೆ. ಟೆಲಿ ಮಾನಸ್ ನಂಬರ್ 14416, ಉಚಿತ, ಕನ್ನಡದಲ್ಲೂ ಮಾತಾಡ್ತಾರೆ. ಎಲೀಯನ ಹಾಗೆ ಸಾಯಬೇಕು ಅನ್ನಿಸ್ತಿದ್ರೆ ನಾಳೆಗೆ ಇಡಬೇಡಿ, ಈಗಲೇ ಒಬ್ಬರನ್ನು ಪಕ್ಕ ಕೂರಿಸಿಕೊಂಡು ಫೋನ್ ಮಾಡಿ.

ಆರಾಧನೆಯಲ್ಲಿ ಡ್ರಮ್ ಸದ್ದಿಗೆ ಬೆಚ್ಚಿಬೀಳುವವರು ಬಾಗಿಲ ಹತ್ತಿರ ಕೂತ್ಕೊಳ್ಳಿ. ಎದ್ದು ಹೋಗಬೇಕು ಅನ್ನಿಸಿದ್ರೆ ಹೋಗಿ. ಬಾಗಿಲಲ್ಲಿ ನಿಂತಿರೋ ಅಣ್ಣಂದಿರು ಏನೂ ಕೇಳಲ್ಲ, ನಾನು ಹೇಳಿಟ್ಟಿದ್ದೀನಿ.