ಬೇಸಿಗೆಯ ಧಗೆ ಮತ್ತು ಗಿಟಾರಿನ ಧ್ವನಿವರ್ಧಕ

ಯುಗಾದಿಯಿಂದ ಬಸವ ಜಯಂತಿಯವರೆಗೆ ನಮ್ಮವರ ಕಾರ್ಯಕ್ರಮಗಳಿಗೆ ಬಿಡುವೇ ಇರುವುದಿಲ್ಲ. ಪುಣೆಯಲ್ಲಿ ಬಿಸಿಲು ಏರುವುದೂ ಇದೇ ದಿನಗಳಲ್ಲಿ. ಕಲಬುರಗಿ, ರಾಯಚೂರಿನ ಕಡೆಯಿಂದ ಬಂದ ಮಿತ್ರರು ಇಲ್ಲಿನ ಬಿಸಿಲನ್ನು ಬಿಸಿಲೆಂದೇ ಎಣಿಸುವುದಿಲ್ಲ. ಆದರೂ 1897ರ ಏಪ್ರಿಲ್ 30ರಂದು ಈ ಊರಿನಲ್ಲಿ 43.3 ಡಿಗ್ರಿ ಉಷ್ಣಮಾನ ದಾಖಲಾಗಿತ್ತು. ಈಗಲೂ ಏಪ್ರಿಲ್ ಮಧ್ಯಾಹ್ನಗಳಲ್ಲಿ 38, 40 ಡಿಗ್ರಿ ಎಂಬುದು ಹೊಸ ಸುದ್ದಿಯಲ್ಲ. ತಗಡಿನ ಮಾಡಿನ ಕೆಳಗೆ ಎಷ್ಟಾಗುವುದೆಂಬುದನ್ನು ಅಲ್ಲಿ ವಾಸಿಸುವವರಿಗೆ ಹೇಳಬೇಕಾಗಿಲ್ಲ.

ಕ್ಯಾಂಪಿನ ಕ್ರೈಸ್ತ ಕುಟುಂಬಗಳಲ್ಲಿ ಗಿಟಾರ್ ಮನೆಯ ವಾದ್ಯವೇ ಆಗಿದೆ. ನೆರೆಹೊರೆಯಿಂದ ನಮ್ಮ ತರುಣರೂ ಅದನ್ನು ಕಲಿತಿದ್ದಾರೆ, ಸಂತೋಷದ ಮಾತು. ಆದರೆ ವಿದ್ಯುತ್ ಗಿಟಾರಿಗೆ ಆಂಪ್ಲಿಫಾಯರ್, ಅಂದರೆ ಧ್ವನಿವರ್ಧಕದ ಪೆಟ್ಟಿಗೆ, ಬೇಕೇ ಬೇಕು. ನಮ್ಮವರು ಅದನ್ನು ಹಳೆಯದನ್ನು ಹುಡುಕಿ, ಕಂತಿನಲ್ಲಿ ಹಣ ಕಟ್ಟಿ, ಪಗಾರದಲ್ಲಿ ಉಳಿಸಿ ಕೊಳ್ಳುತ್ತಾರೆ. ಒಂದು ಸಂಜೆಯ ಅಜಾಗರೂಕತೆಯಿಂದ ಅದರ ಟ್ರಾನ್ಸ್‌ಫಾರ್ಮರ್ ಸುಟ್ಟರೆ ಕೆಲವು ತಿಂಗಳ ಉಳಿತಾಯ ಹೋದಂತೆ. ಆದುದರಿಂದ ಈ ಸಂಚಿಕೆಯ ಪಾಠಕ್ಕೆ ಈ ವಿಷಯವನ್ನು ಆರಿಸಿಕೊಂಡಿದೆ.

ಮೊದಲು ಈ ಶಾಖ ಎಲ್ಲಿಂದ ಬರುತ್ತದೆಂಬುದನ್ನು ತಿಳಿಯೋಣ. ಗಿಟಾರಿನ ತಂತಿ ಕಂಪಿಸಿದಾಗ ಅದರ ಕೆಳಗಿನ ಸುರುಳಿಯಲ್ಲಿ ಅತ್ಯಲ್ಪ ವಿದ್ಯುತ್ತು ಹುಟ್ಟುತ್ತದೆ. ಧ್ವನಿವರ್ಧಕವು ಗೋಡೆಯ ಪ್ಲಗ್ಗಿನಿಂದ ಶಕ್ತಿಯನ್ನು ಪಡೆದು, ಆ ಅಲ್ಪ ವಿದ್ಯುತ್ತಿನ ಅಪ್ಪಣೆಯಂತೆ ಸ್ಪೀಕರಿಗೆ ಬಡಿಸುತ್ತದೆ. ಬಡಿಸುವಾಗ ಬಹಳಷ್ಟು ಪಾತ್ರೆಯಲ್ಲಿಯೇ ಉಳಿಯುತ್ತದೆ. ಹಾಗೆ ಉಳಿದದ್ದೆಲ್ಲ ಶಾಖ. ಆದುದರಿಂದ ಪೆಟ್ಟಿಗೆ ಬಿಸಿಯಾಗುವುದು ರೋಗವಲ್ಲ; ಆ ಬಿಸಿ ಹೊರಗೆ ಹೋಗಲಾರದೆ ನಿಲ್ಲುವುದು ರೋಗ.

ಇಲ್ಲಿ ಒಂದು ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಯಂತ್ರವು ಸುತ್ತಲಿನ ಗಾಳಿಗಿಂತ ಸುಮಾರು ಇಂತಿಷ್ಟು ಡಿಗ್ರಿ ಹೆಚ್ಚು ಬಿಸಿಯಾಗುತ್ತದೆ. ಒಂದು ಪೆಟ್ಟಿಗೆಯ ಒಳಭಾಗ ಗಾಳಿಗಿಂತ 40 ಡಿಗ್ರಿ ಮೇಲೇರುತ್ತದೆ ಎಂದಿಟ್ಟುಕೊಳ್ಳಿ. ಡಿಸೆಂಬರಿನ ರಾತ್ರಿ ಗಾಳಿ 15 ಡಿಗ್ರಿ ಇದ್ದಾಗ ಒಳಗೆ 55. ಏಪ್ರಿಲ್ ಮಧ್ಯಾಹ್ನ ಗಾಳಿಯೇ 40 ಆದಾಗ ಒಳಗೆ 80. ಅದೇ ಪೆಟ್ಟಿಗೆ, ಅದೇ ಹಾಡು. ಚಳಿಗಾಲದಲ್ಲಿ ತಡೆದುಕೊಂಡ ಯಂತ್ರ ಬೇಸಿಗೆಯಲ್ಲಿ ಏಕೆ ಕೈಕೊಟ್ಟಿತೆಂದು ಆಶ್ಚರ್ಯಪಡುವವರಿಗೆ ಇದೇ ಉತ್ತರ.

ಪೆಟ್ಟಿಗೆಗಳಲ್ಲಿ ಎರಡು ಮುಖ್ಯ ಜಾತಿ: ವಾಲ್ವಿನವು ಮತ್ತು ಟ್ರಾನ್ಸಿಸ್ಟರಿನವು. ವಾಲ್ವ್ ಎಂದರೆ ಗಾಳಿ ತೆಗೆದ ಗಾಜಿನ ಬುರುಡೆ. ಒಳಗೆ ಒಂದು ತಂತು ಸದಾ ಕಾದು ಕೆಂಪಾಗಿರಬೇಕು. 1960ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಬಂದ ವಾಕ್ಸ್ ಎ.ಸಿ. 30 ಎಂಬ ಪ್ರಸಿದ್ಧ ಪೆಟ್ಟಿಗೆಯನ್ನೇ ತೆಗೆದುಕೊಳ್ಳಿ. ಅದರಲ್ಲಿ ಇ.ಎಲ್. 84 ಎಂಬ ನಾಲ್ಕು ದೊಡ್ಡ ಕೆಲಸದ ವಾಲ್ವುಗಳಿವೆ. ಒಂದೊಂದರ ತಂತುವಿಗೆ 6.3 ವೋಲ್ಟಿನಲ್ಲಿ 0.76 ಆಂಪಿಯರ್, ನಾಲ್ಕಕ್ಕೆ ಸುಮಾರು 19 ವ್ಯಾಟ್. ಒಂದೊಂದರ ಲೋಹದ ತಗಡು ತಾಳಬಲ್ಲ ಶಾಖ 12 ವ್ಯಾಟ್. ಈ ಪೆಟ್ಟಿಗೆಯಲ್ಲಿ ವಾಲ್ವುಗಳು ಆ ಮಿತಿಯ ಹತ್ತಿರವೇ ದುಡಿಯುವುದರಿಂದ ನಾಲ್ಕಕ್ಕೆ 48 ಎಂದು ಹಿಡಿಯೋಣ. ಕೂಡಿಸಿದರೆ 67 ವ್ಯಾಟ್. ಒಂದು ತಂತಿಯನ್ನೂ ಮುಟ್ಟದೆ ಸುಮ್ಮನಿಟ್ಟರೂ ಇಷ್ಟು ಶಾಖ ಹೊರಡುತ್ತಿರುತ್ತದೆ. ಅದನ್ನು ಹೊರಗೆ ಬಿಡಲೆಂದೇ ಮೇಲೆ ಜಾಲರಿ ಇಟ್ಟಿದ್ದಾರೆ. ನಮ್ಮವರು ಆ ಜಾಲರಿಯ ಮೇಲೆ ಹಾಡಿನ ವಹಿ, ಹೂವಿನ ಹಾರ, ಕೆಲವೊಮ್ಮೆ ಶಾಲನ್ನೂ ಇಡುತ್ತಾರೆ! ವೇದಿಕೆ ಅಂದವಾಗಿ ಕಾಣಬೇಕೆಂಬುದು ಸರಿಯೇ. ಆದರೆ ಯಂತ್ರದ ಮೂಗು ಮುಚ್ಚಿ ಅಂದ ಮಾಡುವುದೇಕೆ?

ಇಂಥ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಸ್ಟ್ಯಾಂಡ್‌ಬೈ ಎಂಬ ಎರಡನೆಯ ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ತಂತು ಕಾದೇ ಇರುತ್ತದೆ, ತಗಡಿನ ಶಾಖ ಮಾತ್ರ ನಿಲ್ಲುತ್ತದೆ. ಮೇಲಿನ ಲೆಕ್ಕದಲ್ಲಿ 67ರಲ್ಲಿ 48 ಉಳಿಯಿತು. ನಮ್ಮ ಸಭೆಗಳಲ್ಲಿ ಸ್ವಾಗತ, ಪರಿಚಯ, ಅಧ್ಯಕ್ಷರ ಭಾಷಣ, ವಂದನಾರ್ಪಣೆ ಎಂದು ಒಂದು ತಾಸು ಹೋಗುವುದರಿಂದ ಈ ಗುಂಡಿಯ ಉಪಯೋಗ ಬೇರೆಯವರಿಗಿಂತ ನಮಗೇ ಹೆಚ್ಚು.

ವಾಲ್ವುಗಳ ಬಗ್ಗೆ ಇನ್ನೊಂದು ಮಾತು. ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ 1961ರಲ್ಲಿ ರೇಡಿಯೋ ವಾಲ್ವುಗಳ ತಯಾರಿಕೆಯನ್ನು ಆರಂಭಿಸಿತ್ತು. ಆ ಕಾಲ ಹೋಯಿತು. ಈಗ ಸಿಕ್ಕುವ ಹೊಸ ವಾಲ್ವುಗಳು ಹೆಚ್ಚಾಗಿ ರಷ್ಯಾ, ಚೀನಾ, ಸ್ಲೊವಾಕಿಯಗಳಿಂದ ಬರುತ್ತವೆ. ಬೆಲೆಯೂ ಅದಕ್ಕೆ ತಕ್ಕಂತೆ. ಸುಟ್ಟರೆ ಮೂಲೆಯ ಅಂಗಡಿಯಲ್ಲಿ ಸಿಕ್ಕುವ ವಸ್ತುವಲ್ಲ.

ಟ್ರಾನ್ಸಿಸ್ಟರಿನ ಪೆಟ್ಟಿಗೆ ಸುಮ್ಮನಿದ್ದಾಗ ತಣ್ಣಗಿರುತ್ತದೆ, ಜೋರಾಗಿ ನುಡಿಸಿದಾಗ ಕಾಯುತ್ತದೆ. ಅದರ ಬೆನ್ನಿಗೆ ರೆಕ್ಕೆ ರೆಕ್ಕೆಯಾದ ಅಲ್ಯೂಮಿನಿಯಂ ತುಂಡು ಇರುವುದನ್ನು ನೋಡಿರಬಹುದು. ಗಿರಣಿಯಲ್ಲಿ ದುಡಿಯುವವರಿಗೆ ಇದು ಹೊಸದಲ್ಲ. ನಮ್ಮ ಮೋಟಾರುಗಳ ಮೈಮೇಲೂ ಇಂಥವೇ ರೆಕ್ಕೆಗಳು, ಬಾಲದಲ್ಲಿ ಒಂದು ಫ್ಯಾನು. ರೆಕ್ಕೆಗಳ ನಡುವೆ ಹತ್ತಿಯ ಎಳೆ ಕೂತರೆ ಮೋಟಾರು ಕಾಯುವುದೆಂದು ಫಿಟ್ಟರುಗಳು ದಿನವೂ ಒರೆಸುತ್ತಾರೆ. ಅದೇ ಮೋಟಾರು ಒರೆಸುವ ಕೈ, ಮನೆಯಲ್ಲಿರುವ ಗಿಟಾರ್ ಪೆಟ್ಟಿಗೆಯ ಧೂಳನ್ನು ವರ್ಷಗಟ್ಟಲೆ ಮುಟ್ಟುವುದಿಲ್ಲ! ಪ್ಲಗ್ ತೆಗೆದು, ಒಣಗಿದ ಮೆತ್ತನೆಯ ಕುಂಚದಿಂದ ಹೊರಗಿನ ರೆಕ್ಕೆ ಮತ್ತು ಜಾಲರಿಗಳನ್ನು ತಿಂಗಳಿಗೊಮ್ಮೆ ಒರೆಸಿದರೆ ಸಾಕು. ರೆಕ್ಕೆಗಳು ನೆಟ್ಟಗೆ ಮೇಲ್ಮುಖವಾಗಿರುವಂತೆ ಪೆಟ್ಟಿಗೆಯನ್ನು ನಿಲ್ಲಿಸಬೇಕು. ಬಿಸಿ ಗಾಳಿ ಮೇಲೇರುವಾಗ ಕೆಳಗಿನಿಂದ ತಣ್ಣನೆಯದನ್ನು ತಾನೇ ಎಳೆದುಕೊಳ್ಳುತ್ತದೆ. ಅಡ್ಡ ಮಲಗಿಸಿದರೆ ಆ ದಾರಿ ತಪ್ಪುತ್ತದೆ.

ಟ್ರಾನ್ಸಿಸ್ಟರಿಗೆ ಒಂದು ಕೆಟ್ಟ ಗುಣವಿದೆ. ಕಾದಷ್ಟೂ ಅದು ಹೆಚ್ಚು ವಿದ್ಯುತ್ತನ್ನು ಹರಿಯಗೊಡುತ್ತದೆ. ಹರಿದಷ್ಟೂ ಮತ್ತೆ ಕಾಯುತ್ತದೆ. ಸಾಹುಕಾರನ ಚಕ್ರಬಡ್ಡಿಯಂತೆ. ತಯಾರಿಸುವವರು ಇದಕ್ಕೆ ಕಡಿವಾಣ ಹಾಕಿರುತ್ತಾರೆ ನಿಜ, ಆದರೆ ಗಾಳಿಯಾಡದ ಕಡೆ ಆ ಕಡಿವಾಣವೂ ಸಡಿಲುತ್ತದೆ. ಹೊಸ ಪೆಟ್ಟಿಗೆಗಳಲ್ಲಿ ಅತಿ ಬಿಸಿಯಾದಾಗ ತಾನೇ ಆರಿಹೋಗುವ ವ್ಯವಸ್ಥೆ ಇರುವುದುಂಟು. ಹಾಡಿನ ನಡುವೆ ಹೀಗಾದರೆ ಕೆಟ್ಟಿತೆಂದು ಬಿಚ್ಚಲು ಹೋಗದೆ, ಇಪ್ಪತ್ತು ಮೂವತ್ತು ನಿಮಿಷ ಆರಲು ಬಿಡಬೇಕು. ಡಿ ವರ್ಗ ಎಂದು ಕರೆಯುವ ಈಚಿನ ಹಗುರ ಪೆಟ್ಟಿಗೆಗಳು ಕಡಿಮೆ ಶಾಖ ಹುಟ್ಟಿಸುತ್ತವೆ. ಹೊಸದು ಕೊಳ್ಳುವವರು, ಬೇಸಿಗೆಯಲ್ಲಿ ಹೆಚ್ಚು ನುಡಿಸುವವರಾದರೆ, ಅವನ್ನೊಮ್ಮೆ ನೋಡಬಹುದು.

ಇನ್ನು ಇಡುವ ಜಾಗ. ಗೋಡೆಯಿಂದ ಕನಿಷ್ಠ ಒಂದು ಮೊಳ ದೂರವಿರಲಿ. ಬೆನ್ನು ತೆರೆದ ಪೆಟ್ಟಿಗೆಗಳಿಗಂತೂ ಇದು ಕಡ್ಡಾಯ. ಶಾಮಿಯಾನದ ಪರದೆ ಹಿಂದಿನಿಂದ ಬಂದು ಅಂಟಿಕೊಳ್ಳದಂತೆ ಕಟ್ಟಿ. ಸಂಜೆಯ ಕಾರ್ಯಕ್ರಮಕ್ಕೆ ಮಧ್ಯಾಹ್ನವೇ ವೇದಿಕೆಯ ಮೇಲೆ ಬಿಸಿಲಿಗೆ ಇಟ್ಟುಬಿಡುವುದು ಸಾಮಾನ್ಯ ರೂಢಿ. ಕಪ್ಪು ಬಟ್ಟೆ ಹೊದೆಸಿದ ಪೆಟ್ಟಿಗೆ ಬಿಸಿಲಿನಲ್ಲಿ ಗಾಳಿಗಿಂತ ಎಷ್ಟೋ ಹೆಚ್ಚು ಕಾದು, ಆರಂಭಕ್ಕೆ ಮೊದಲೇ ಅರ್ಧ ದಣಿದಿರುತ್ತದೆ. ಮುಚ್ಚಿದ ಟೆಂಪೋದಲ್ಲಿ ಬಿಡುವುದೂ ಅಷ್ಟೇ ಕೆಟ್ಟದ್ದು. ಮೇಜಿನ ಫ್ಯಾನನ್ನು ಪೆಟ್ಟಿಗೆಯ ಹಿಂಬದಿಗೆ ಓರೆಯಾಗಿ ಬೀಸುವಂತೆ ಇಟ್ಟರೆ ಬಹಳ ಪ್ರಯೋಜನವುಂಟು. ಪೆಟ್ಟಿಗೆಗೆ ತನ್ನದೇ ಫ್ಯಾನಿದ್ದರೆ ಅದು ಗಾಳಿಯನ್ನು ಹೊರದೂಡುವ ಬಾಯಿಗೆ ಎದುರಾಗಿ ಮಾತ್ರ ಬೀಸಕೂಡದು. ಫ್ಯಾನಿನ ಮೋಟಾರು ಗಿಟಾರಿಗೆ ತೀರ ಹತ್ತಿರವಾದರೆ ಸ್ಪೀಕರಿನಲ್ಲಿ ಗುಂಯ್ ಎಂಬ ಸದ್ದು ಬರುವುದರಿಂದ ಮೂರು ನಾಲ್ಕು ಅಡಿ ಅಂತರವಿರಲಿ. ಒದ್ದೆ ಬಟ್ಟೆ, ಮಂಜುಗಡ್ಡೆ ಮುಂತಾದ ಉಪಾಯಗಳನ್ನು ಯಾರೂ ಮಾಡಬಾರದು. ನೀರು ಮತ್ತು ವಿದ್ಯುತ್ತು ಸೇರಿದರೆ ಹೋಗುವುದು ಪೆಟ್ಟಿಗೆಯಲ್ಲ, ಪ್ರಾಣ.

ಬೇಸಿಗೆಯಲ್ಲಿ ಬಯಲು ಕಾರ್ಯಕ್ರಮವೆಂದು ಸ್ಪೀಕರುಗಳನ್ನು ಹೆಚ್ಚಿಸುವುದುಂಟು. 8 ಓಮಿನ ಎರಡು ಸ್ಪೀಕರುಗಳನ್ನು ಪಕ್ಕಪಕ್ಕ, ಅಂದರೆ ಸಮಾಂತರವಾಗಿ, ಜೋಡಿಸಿದರೆ ಆಗುವುದು 16 ಅಲ್ಲ, 4 ಓಮು. 8ಕ್ಕಿಂತ ಕಡಿಮೆ ಬೇಡವೆಂದು ಬೆನ್ನಿನ ಮೇಲೆ ಬರೆದಿರುವ ಟ್ರಾನ್ಸಿಸ್ಟರ್ ಪೆಟ್ಟಿಗೆಯಿಂದ ಆಗ ಎರಡರಷ್ಟು ವಿದ್ಯುತ್ತನ್ನು ಹಿಂಡಿದಂತಾಗುತ್ತದೆ. ಆ ಬರಹವನ್ನು ಓದಿ ಜೋಡಿಸಿ. ವಾಲ್ವಿನ ಪೆಟ್ಟಿಗೆಗೆ ವಿರುದ್ಧ ನಿಯಮ: ಸ್ಪೀಕರನ್ನು ಕಳಚಿ ನುಡಿಸಿದರೆ ಅದರ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿಗೇ ಅಪಾಯ.

ಪ್ಲಗ್ಗಿನ ವೋಲ್ಟೇಜನ್ನೂ ಗಮನಿಸಬೇಕು. ನಮ್ಮಲ್ಲಿ 230 ಎಂದು ಹೆಸರಿದ್ದರೂ ಕೆಲವೆಡೆ ರಾತ್ರಿ ಹೊತ್ತಾದಂತೆ 250ರ ಹತ್ತಿರ ಹೋಗುವುದುಂಟು. ಹಳೆಯ ಪೆಟ್ಟಿಗೆಯ ಬೆನ್ನಿನ ಗುಂಡಿ 220ರಲ್ಲಿದ್ದರೆ 6.3 ವೋಲ್ಟ್ ಬೇಕಾದ ತಂತುವಿಗೆ 7.1 ಬಿದ್ದಂತಾಯಿತು. ಗುಂಡಿಯಲ್ಲಿ 240 ಇದ್ದರೆ ಅದಕ್ಕೆ ತಿರುಗಿಸಿಡಿ. ಭೂಮಿಯ ತಂತಿಯುಳ್ಳ ಮೂರು ಕಡ್ಡಿಯ ಪ್ಲಗ್ ಬಿಟ್ಟು ಬೇರೆಯದು ಬೇಡ.

ಧಗೆಯ ಹಾನಿ ಎಲ್ಲವೂ ಒಂದೇ ದಿನ ಕಾಣುವುದಿಲ್ಲ. ಒಳಗೆ ಡಬ್ಬಿಯಾಕಾರದ ಕೆಪಾಸಿಟರುಗಳಿವೆ. ಅವುಗಳಲ್ಲಿ ದ್ರವವಿದ್ದು, ಶಾಖಕ್ಕೆ ನಿಧಾನವಾಗಿ ಒಣಗುತ್ತದೆ. 10 ಡಿಗ್ರಿ ಹೆಚ್ಚಾದರೆ ಆಯುಷ್ಯ ಅರ್ಧವಾಗುವುದೆಂದು ಸ್ಥೂಲ ನಿಯಮ. 85 ಡಿಗ್ರಿಯಲ್ಲಿ 2000 ತಾಸು ಬಾಳುವುದು 75ರಲ್ಲಿ 4000, 65ರಲ್ಲಿ 8000 ತಾಸು ಬಾಳುತ್ತದೆ. ಒಂದು ಮೊಳ ಜಾಗ ಬಿಟ್ಟು, ಒಂದು ಫ್ಯಾನು ಹಚ್ಚಿದ್ದಕ್ಕೆ ಇದು ಕಡಿಮೆ ಲಾಭವಲ್ಲ.

ಅಪಾಯದ ಗುರುತುಗಳು: ಸುಟ್ಟ ವಾರ್ನಿಷಿನ ವಾಸನೆ, ಜೋರಾಗುತ್ತ ಹೋಗುವ ಗುಂಯ್‌ಗುಟ್ಟುವಿಕೆ, ವಾಲ್ವಿನ ಒಳಗಿನ ತಗಡೇ ಕೆಂಪಾಗಿ ಹೊಳೆಯುವುದು. ತಂತುವಿನ ಕೆಂಪು ಸಹಜ, ತಗಡಿನ ಕೆಂಪು ಸಹಜವಲ್ಲ. ಇಂಥದು ಕಂಡೊಡನೆ ಪ್ಲಗ್ ಎಳೆದು ಬಲ್ಲವರಿಗೆ ತೋರಿಸಬೇಕು. ಆದರೆ ತಾವೇ ಬಿಚ್ಚಕೂಡದು. ವಾಲ್ವ್ ಪೆಟ್ಟಿಗೆಯೊಳಗೆ 300 ವೋಲ್ಟಿಗೂ ಮೇಲ್ಪಟ್ಟ ವಿದ್ಯುತ್ತು ಇರುತ್ತದೆ, ಪ್ಲಗ್ ತೆಗೆದ ಮೇಲೂ ಕೆಪಾಸಿಟರುಗಳಲ್ಲಿ ಉಳಿದಿರಬಹುದು.

ಕಾರ್ಯಕ್ರಮ ಮುಗಿದ ಕೂಡಲೆ ಕೊನೆಯ ಬಸ್ಸಿನ ಅವಸರದಲ್ಲಿ ಬಿಸಿ ಪೆಟ್ಟಿಗೆಗೆ ಗವಸು ತೊಡಿಸಿ ಹೊತ್ತೊಯ್ಯುವುದನ್ನು ಬಿಡಬೇಕು. ಕಾದಿರುವ ವಾಲ್ವಿನ ಒಳಭಾಗ ಕುಲುಕಾಟಕ್ಕೆ ಬೇಗ ಕೆಡುತ್ತದೆ. ಮೊದಲು ಪೆಟ್ಟಿಗೆಯನ್ನು ಆರಿಸಿ, ಆಮೇಲೆ ತಂತಿಗಳನ್ನು ಸುತ್ತಿ, ಜಮಖಾನೆ ಮಡಚಿ, ಕುರ್ಚಿಗಳನ್ನು ಎಣಿಸಿ ಒಪ್ಪಿಸುವಷ್ಟರಲ್ಲಿ ಅದು ಹೊರುವಷ್ಟು ತಣ್ಣಗಾಗಿರುತ್ತದೆ.