ಹಳೆಯ ವಸ್ತುವಿನ ಹೊಸ ಲೆಕ್ಕ



ಅಳತೆಯಿಲ್ಲದೆ ವ್ಯವಹಾರವಿಲ್ಲ. ಹಿಂದೆ ರೈತನು ಕಾಳನ್ನು ಸೇರಿನಿಂದಲೂ ಅಕ್ಕಸಾಲಿಗನು ಚಿನ್ನವನ್ನು ಗುಂಜಿಯಿಂದಲೂ ಅಳೆಯುತ್ತಿದ್ದರು. ಇಂದು ಕಿಲೋ, ಗ್ರಾಮುಗಳು ಬಂದಿವೆ. ತಕ್ಕಡಿ ತಪ್ಪಿದರೆ ಲೆಕ್ಕ ತಪ್ಪುವುದೆಂಬುದು ಎಲ್ಲರಿಗೂ ತಿಳಿದ ಮಾತು. ಆದರೆ ತಕ್ಕಡಿ ಸರಿಯಾಗಿದ್ದರೂ, ತೂಗಬೇಕಾದುದನ್ನು ಬಿಟ್ಟು ಬೇರೊಂದನ್ನು ತೂಗಿದರೆ ಲೆಕ್ಕವು ಇನ್ನೂ ಹೆಚ್ಚು ತಪ್ಪುವುದು. ಈ ಪಾಠವನ್ನು ನಾವು ಪುಸ್ತಕದಿಂದ ಕಲಿಯಲಿಲ್ಲ. ನಮ್ಮ ಶಾಲೆಯ ರದ್ದಿಯ ರಾಶಿಯ ಮುಂದೆ ನಿಂತು ಕಲಿತೆವು.

ಭೂಮಿಯಿಂದ ಅಗೆದು ತೆಗೆದ, ಹೊಲದಲ್ಲಿ ಬೆಳೆದ ವಸ್ತುವನ್ನು ಒಮ್ಮೆ ಬಳಸಿ ಎಸೆಯುವುದು ಒಂದು ಪದ್ಧತಿ. ಅದನ್ನೇ ದುರಸ್ತಿ ಮಾಡಿ, ಮತ್ತೊಬ್ಬರಿಗೆ ಕೊಟ್ಟು, ಕೊನೆಗೆ ಕರಗಿಸಿ ಇಲ್ಲವೆ ಗೊಬ್ಬರವಾಗಿಸಿ ಪುನಃ ಉಪಯೋಗಕ್ಕೆ ತರುವುದು ಇನ್ನೊಂದು ಪದ್ಧತಿ. ಈ ಎರಡನೆಯದಕ್ಕೆ ‘ಚಕ್ರೀಯ ಅರ್ಥವ್ಯವಸ್ಥೆ’ ಎಂದು ಹೆಸರು. ಹೆಸರು ಹೊಸದು, ನಡತೆ ಹೊಸದಲ್ಲ. ವಿಜಯಪುರದ ಸೀಮೆಯ ನಮ್ಮ ಹಳ್ಳಿಯಲ್ಲಿ ಅವ್ವನ ಹಳೆಯ ಸೀರೆ ಕೌದಿಯಾಗುತ್ತಿತ್ತು. ಕೌದಿ ಹರಿದ ಮೇಲೆ ಒರೆಸುವ ಅರಿವೆಯಾಗುತ್ತಿತ್ತು. ದನದ ಸಗಣಿ ತಿಪ್ಪೆಗೆ, ತಿಪ್ಪೆಯ ಗೊಬ್ಬರ ಹೊಲಕ್ಕೆ ಹೋಗುತ್ತಿತ್ತು. ಯಾರೂ ಅದನ್ನು ತೂಗಿ ಬರೆದಿಡಲಿಲ್ಲ.

ಈಗ ಶಾಲೆಯ ಸಂಗತಿಗೆ ಬರೋಣ. ಕಳೆದ ವರ್ಷ ಎಂಟನೆಯ ಇಯತ್ತೆಯ ‘ಅ’ ಮತ್ತು ‘ಬ’ ತುಕಡಿಗಳಿಗೆ ನಾವು ರದ್ದಿ ಕೂಡಿಸುವ ಸ್ಪರ್ಧೆಯನ್ನು ಏರ್ಪಡಿಸಿದೆವು. ಒಂದು ವಾರದಲ್ಲಿ ‘ಅ’ ತುಕಡಿ 62 ಕಿಲೋ, ‘ಬ’ ತುಕಡಿ 38 ಕಿಲೋ ಕಾಗದ ತಂದವು. ‘ಅ’ ತುಕಡಿಗೆ ಬಹುಮಾನ ಕೊಟ್ಟು ನಾವು ಹರ್ಷಪಟ್ಟೆವು. ಮರುದಿನ ನಮ್ಮ ಓಣಿಯ ಕಸ ಒಯ್ಯುವ ಮಾವಶಿ ಬಂದರು. ರದ್ದಿಯ ಗಂಟುಗಳನ್ನು ಬಿಚ್ಚಿ, ಕೈಯಾಡಿಸಿ, ಕೆಲವು ವಹಿಗಳನ್ನು ಒಂದು ಬದಿಗೆ ಇಡತೊಡಗಿದರು. “ಇದೇಕೆ?” ಎಂದು ಕೇಳಿದೆವು. ಅವರು ಮರಾಠಿಯಲ್ಲಿ ಹೇಳಿದುದರ ಅರ್ಥವಿಷ್ಟು: “ಸರ್, ಇವು ಇನ್ನೂ ರದ್ದಿಯಾಗಿಲ್ಲ. ಅರ್ಧಕ್ಕರ್ಧ ಹಾಳೆ ಕೋರಿಯೇ ಇವೆ. ಮಕ್ಕಳು ಬರೆಯಲಿ.” ಅವರಿಗೆ ಹಣ ಬರುವುದು ಕಿಲೋ ಲೆಕ್ಕದಲ್ಲಿ, ಸುಮ್ಮನೆ ಒಯ್ದಿದ್ದರೆ ಲಾಭ ಅವರದೇ ಆಗುತ್ತಿತ್ತು.

ನಾವು ನಾಚಿದೆವು. ವಿಚಾರಿಸಲಾಗಿ, ಗೆಲ್ಲುವ ಆಸೆಯಿಂದ ಹಲವರು ಬಳಸಬಹುದಾದ ವಹಿಗಳನ್ನೇ ತಂದಿದ್ದರೆಂದು ತಿಳಿಯಿತು. ‘ಬ’ ತುಕಡಿಯವರಾದರೋ ಹಳೆಯ ಪುಸ್ತಕಗಳನ್ನು ತಮ್ಮ ತಮ್ಮಂದಿರಿಗೂ ತಂಗಿಯರಿಗೂ ಕೊಟ್ಟಿದ್ದರು. ಕಾಗದದ ಎರಡೂ ಮಗ್ಗುಲಿಗೆ ಬರೆದಿದ್ದರು. ಆದುದರಿಂದಲೇ ಅವರ ರದ್ದಿ ಕಡಿಮೆಯಾಗಿತ್ತು. ಮಿತವಾಗಿ ಬಳಸಿದವರು ಸೋತರು, ಹಾಳುಮಾಡಿದವರು ಗೆದ್ದರು! ತಪ್ಪು ಮಕ್ಕಳದಲ್ಲ, ಅಳತೆಯನ್ನು ಗೊತ್ತುಮಾಡಿದ ನಮ್ಮದು.

ಇದೇ ತೊಡಕು ಜಗತ್ತಿನ ಲೆಕ್ಕದಲ್ಲಿಯೂ ಇದೆ. ಒಂದು ಮನೆಯಲ್ಲಿ ವರ್ಷಕ್ಕೆ 100 ಕಿಲೋ ವಸ್ತು ಬಳಕೆಯಾಗಿ, ಅದರಲ್ಲಿ 10 ಕಿಲೋ ಹಳೆಯದರಿಂದ ಮರಳಿ ಬಂದುದಾದರೆ ಪ್ರಮಾಣ ಶೇಕಡಾ 10. ಮರುವರ್ಷ ಮರಳಿ ಬಂದುದು 12 ಕಿಲೋ ಆಯಿತೆನ್ನಿರಿ. ಆದರೆ ಒಟ್ಟು ಬಳಕೆ 150 ಕಿಲೋಗೆ ಏರಿತು. ಪ್ರಮಾಣವು ಶೇಕಡಾ 8ಕ್ಕೆ ಇಳಿಯಿತು. ಅಂಶ ಹೆಚ್ಚಿದರೂ ಛೇದವು ಅದಕ್ಕಿಂತ ವೇಗವಾಗಿ ಹೆಚ್ಚಿದರೆ ಭಿನ್ನರಾಶಿ ಕಿರಿದಾಗುವುದೆಂಬುದನ್ನು ನೀವು ಗಣಿತದಲ್ಲಿ ಓದಿದ್ದೀರಿ.

ಜಗತ್ತಿನಲ್ಲಿ ಆದುದೂ ಇದೇ. ನೆದರ್ಲೆಂಡ್ಸ್ ದೇಶದ ಆಮ್‌ಸ್ಟರ್‌ಡ್ಯಾಮ್ ನಗರದ ‘ಸರ್ಕಲ್ ಇಕಾನಮಿ’ ಎಂಬ ಸಂಸ್ಥೆಯು 2018ರಿಂದ ಈ ಲೆಕ್ಕವನ್ನು ಪ್ರಕಟಿಸುತ್ತ ಬಂದಿದೆ. ಜಗತ್ತು ಬಳಸುವ ವಸ್ತುಗಳಲ್ಲಿ ಮರಳಿ ಬಂದವುಗಳ ಪಾಲು 2018ರ ವರದಿಯಲ್ಲಿ ಶೇಕಡಾ 9.1 ಇದ್ದಿತು, 2020ರಲ್ಲಿ 8.6, 2023ರಲ್ಲಿ 7.2, 2025ರಲ್ಲಿ 6.9 ಆಯಿತು. ಈ ಕೊನೆಯ ವರದಿಯಂತೆ ವರ್ಷದ ಒಟ್ಟು ಬಳಕೆ ಸುಮಾರು 10,600 ಕೋಟಿ ಟನ್. ಮರಳಿ ಬಂದ ವಸ್ತುವಿನ ತೂಕ ಕಡಿಮೆಯಾಗಲಿಲ್ಲ. ಹೊಸ ವಸ್ತುವಿನ ಬಯಕೆ ಅದನ್ನು ಹಿಂದೆ ಹಾಕಿತು.

ಹಾಗಾದರೆ ಎಲ್ಲವನ್ನೂ ಮರಳಿ ತಂದು ಶೇಕಡಾ 100 ಮುಟ್ಟಬಹುದೇ? ಸಾಧ್ಯವಿಲ್ಲ. ಸುಟ್ಟ ಕಲ್ಲಿದ್ದಲು, ಉಂಡ ಅನ್ನ ಅದೇ ರೂಪದಲ್ಲಿ ತಿರುಗಿ ಬಾರವು. ಕಟ್ಟಿದ ಮನೆ, ಸೇತುವೆಗಳ ಕಲ್ಲು ಕಬ್ಬಿಣಗಳು ಹಲವು ದಶಕಗಳವರೆಗೆ ಅಲ್ಲಿಯೇ ನಿಲ್ಲುವುವು. ವಸ್ತುಗಳ ಗುಣವೂ ಒಂದೇ ಅಲ್ಲ. ನಮ್ಮ ಕಸಬಾ ಪೇಟೆಯ ತಾಂಬಟ ಆಳಿಯಲ್ಲಿ ಬಡಿಯುವ ತಾಮ್ರವನ್ನು ಎಷ್ಟು ಸಲ ಕರಗಿಸಿದರೂ ತಾಮ್ರದ ಗುಣ ಕೆಡದು. ಕಾಗದದ ನಾರಾದರೋ ಪ್ರತಿಸಲವೂ ಗಿಡ್ಡಾಗುತ್ತ, ಕೆಲವೇ ಆವರ್ತನೆಗಳಲ್ಲಿ ನಿರುಪಯೋಗಿಯಾಗುವುದು. ಇನ್ನು ನಮ್ಮ ಅವ್ವನ ಕೌದಿ? ಅದು ಯಾವ ಕಾರಖಾನೆಗೂ ಹೋಗಲಿಲ್ಲವಾದುದರಿಂದ ಈ ಪ್ರಮಾಣದಲ್ಲಿ ಅದಕ್ಕೆ ಸ್ಥಾನವಿಲ್ಲ. ಆದರೆ ಒಂದು ಹೊಸ ಹೊದಿಕೆಯ ಅವಶ್ಯಕತೆಯನ್ನೇ ಅದು ತಪ್ಪಿಸಿತು. ಛೇದವನ್ನು ಕಿರಿದು ಮಾಡುವ ಈ ಕೆಲಸವು ಕಣ್ಣಿಗೆ ಕಾಣದ ದೊಡ್ಡ ಕೆಲಸ.

ಅಳತೆಗೆ ಸುಲಭವಾಗಿ ಬಾರದ ಮತ್ತೊಂದು ಇದೆ. ಅದು ಮನುಷ್ಯರ ದುಡಿಮೆ. ಪುಣೆಯಲ್ಲಿ ಕಸ ಆಯುವವರು, ಅವರಲ್ಲಿ ಬಹುಮಂದಿ ಹೆಂಗಸರು, ಡಾ. ಬಾಬಾ ಆಢಾವರ ಮುಂದಾಳುತನದಲ್ಲಿ 1993ರಲ್ಲಿ ‘ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ’ ಎಂಬ ಸಂಘಟನೆಯನ್ನು ಕಟ್ಟಿದರು. ಕಾಗದ, ಗಾಜು, ತಗಡು ಆಯುವ ಶ್ರಮಿಕರ ಪಂಚಾಯತಿ ಎಂದು ಅದರ ಅರ್ಥ. ಅವರು ಪ್ರತಿದಿನ ಎಷ್ಟು ಕಸವನ್ನು ನಗರದಿಂದ ತೆಗೆಯುತ್ತಾರೆ, ಅದರಿಂದ ಮಹಾನಗರಪಾಲಿಕೆಗೆ ಉಳಿಯುವ ಖರ್ಚೆಷ್ಟು ಎಂಬುದನ್ನು 2001ರ ಒಂದು ಅಧ್ಯಯನವು ಲೆಕ್ಕ ಹಾಕಿ ತೋರಿಸಿತು. ಲೆಕ್ಕವು ಕೈಗೆ ಬಂದ ಮೇಲೆ ಹಕ್ಕಿನ ಮಾತಿಗೆ ಬಲ ಬಂದಿತು. ಮುಂದೆ ಪಾಲಿಕೆಯು ಅವರ ವೈದ್ಯಕೀಯ ವಿಮೆಗೆ ಹಣ ಕೊಡಲು ಒಪ್ಪಿತು. ಇವರದೇ ‘ಸ್ವಚ್ಛ’ ಸಹಕಾರಿ ಸಂಸ್ಥೆಯು 2008ರಲ್ಲಿ ಪಾಲಿಕೆಯೊಡನೆ ಒಪ್ಪಂದ ಮಾಡಿಕೊಂಡು ಮನೆಮನೆಯ ಕಸ ಒಯ್ಯುವ ಕೆಲಸಕ್ಕೆ ತೊಡಗಿತು. ಮನೆಯವರು ಕೊಡುವ ತಿಂಗಳ ಶುಲ್ಕವೂ ಭಂಗಾರದ ಮಾರಾಟವೂ ಇವರ ಸಂಪಾದನೆ.

ಬೇರ್ಪಡಿಸದೆ ಕೊಟ್ಟ ಕಸ ಎಲ್ಲಿಗೆ ಹೋಗುವುದೆಂಬುದಕ್ಕೂ ನಮ್ಮ ನಗರವೇ ಸಾಕ್ಷಿ. ಉರುಳಿ ದೇವಾಚಿ, ಫುರಸುಂಗಿ ಗ್ರಾಮಗಳ ಮಗ್ಗುಲಲ್ಲಿ ಅನೇಕ ವರ್ಷ ಪುಣೆಯ ಕಸವನ್ನು ಸುರಿದುದರಿಂದ ಅಲ್ಲಿಯ ಬಾವಿಗಳ ನೀರು ಕೆಟ್ಟಿತು. ಗ್ರಾಮಸ್ಥರು ಪದೇಪದೇ ಚಳವಳಿ ಹೂಡಬೇಕಾಯಿತು. ನಮ್ಮ ಬುಟ್ಟಿ ಬರಿದಾದರೆ ಲೆಕ್ಕ ಮುಗಿಯಿತೆಂದು ತಿಳಿಯುವವರು ಆ ಬಾವಿಗಳನ್ನು ನೆನೆಯಬೇಕು.

ಈ ವರ್ಷ ನಮ್ಮ ಶಾಲೆಯ ಸ್ಪರ್ಧೆಯ ನಿಯಮವನ್ನು ಬದಲಿಸಿದ್ದೇವೆ. ಮೂರು ಸಂಗತಿಗಳನ್ನು ಬರೆದಿಡುತ್ತೇವೆ: ತಲೆಗೆ ಎಷ್ಟು ಹೊಸ ವಹಿ ಕೊಂಡರು, ಎಷ್ಟು ಪುಸ್ತಕ ಕೈಯಿಂದ ಕೈಗೆ ಹೋದವು, ಕೊನೆಗೆ ಎಷ್ಟು ರದ್ದಿ ಉಳಿಯಿತು. ಮಾವಶಿಯವರು ಬದಿಗಿಟ್ಟ ವಹಿಗಳ ಕೋರಿ ಹಾಳೆಗಳನ್ನು ಮಕ್ಕಳು ಹೊಲಿದು 41 ಕಚ್ಚಾ ವಹಿ ಮಾಡಿಕೊಂಡರು. ಈ ಲೇಖನದ ಮೊದಲ ಪ್ರತಿಯನ್ನು ನಾವು ಬರೆದುದು ಅವುಗಳಲ್ಲೊಂದರಲ್ಲಿ.

ಅಭ್ಯಾಸ

1. ನಿಮ್ಮ ಮನೆಯ ಒಣ ಕಸ, ಹಸಿ ಕಸಗಳನ್ನು ಏಳು ದಿನ ಬೇರೆ ಬೇರೆ ತೂಗಿ ಬರೆಯಿರಿ.
2. ಒಟ್ಟು ಬಳಕೆ 200 ಕಿಲೋ, ಮರಳಿ ಬಂದುದು 14 ಕಿಲೋ. ಮರಳಿ ಬಂದುದು ಹೆಚ್ಚದೆಯೇ ಪ್ರಮಾಣವು ಶೇಕಡಾ 10 ಆಗಬೇಕಾದರೆ ಒಟ್ಟು ಬಳಕೆ ಎಷ್ಟಕ್ಕೆ ಇಳಿಯಬೇಕು?
3. ನಿಮ್ಮ ಮನೆಯಲ್ಲಿ ಹಿರಿಯರು ದುರಸ್ತಿ ಮಾಡಿ ಬಳಸುತ್ತಿರುವ ಒಂದು ವಸ್ತುವಿನ ವೃತ್ತಾಂತವನ್ನು ಅವರಿಂದಲೇ ಕೇಳಿ ಹತ್ತು ವಾಕ್ಯಗಳಲ್ಲಿ ಬರೆಯಿರಿ.