ಮ್ಯಾನ್ಯುಯಲ್ ಗೇರಿನ ಕಾರನ್ನು ಆಟೋಮ್ಯಾಟಿಕ್ ಮಾಡುವುದು: ತಂತ್ರ, ಖರ್ಚು ಮತ್ತು ಕಾನೂನು

ನಗರಗಳ ವಾಹನ ದಟ್ಟಣೆಯಲ್ಲಿ ಅಂಗಡಿಯಿಂದ ಗೋದಾಮಿಗೆ, ಗೋದಾಮಿನಿಂದ ಬ್ಯಾಂಕಿಗೆ ಓಡಾಡುವ ವರ್ತಕರ ಎಡಗಾಲಿಗೆ ಬೀಳುವ ಶ್ರಮ ಸಾಮಾನ್ಯವಾದುದಲ್ಲ. ಐವತ್ತು ದಾಟಿದವರಲ್ಲಿ ಮಂಡಿನೋವು ಕಾಣಿಸಿಕೊಂಡಾಗ ಮೊದಲು ಬೇಸರ ತರಿಸುವುದು ಕ್ಲಚ್ ಪೆಡಲು. ಹಾಗೆಂದು ಚೆನ್ನಾಗಿ ಓಡುತ್ತಿರುವ, ಸಾಲ ತೀರಿದ ಕಾರನ್ನು ಮಾರಲು ಮನಸ್ಸು ಒಪ್ಪುವುದಿಲ್ಲ. ಇಂಥ ಸಂದರ್ಭದಲ್ಲಿ, ಗುಜರಿಯಿಂದ ಒಂದು ಆಟೋಮ್ಯಾಟಿಕ್ ಗೇರ್‌ಬಾಕ್ಸ್ ತಂದು ಮನೆಯ ಶೆಡ್ಡಿನಲ್ಲಿಯೇ ಜೋಡಿಸಿಕೊಂಡರೆ ಹೇಗೆ ಎಂಬ ವಿಚಾರ ಮೂಡುವುದು ಸಹಜ. ಸ್ವಂತ ಲೇತ್ ಮತ್ತು ವೆಲ್ಡಿಂಗ್ ಯಂತ್ರವುಳ್ಳ ಸಣ್ಣ ಉದ್ದಿಮೆದಾರರಿಗಂತೂ ಇದು ಒಂದು ಭಾನುವಾರದ ಕೆಲಸವೆಂದೇ ತೋರಬಹುದು. ಕೆಲಸ ಅಸಾಧ್ಯವಲ್ಲ. ಆದರೆ ಮೇಲ್ನೋಟಕ್ಕೆ ಕಾಣುವಷ್ಟು ಸರಳವೂ ಅಲ್ಲ, ಅಗ್ಗವೂ ಅಲ್ಲ.

ಮ್ಯಾನ್ಯುಯಲ್ ವ್ಯವಸ್ಥೆಯಲ್ಲಿ ಎಂಜಿನ್ನಿನ ಕ್ರ್ಯಾಂಕ್ ಶಾಫ್ಟಿನ ತುದಿಗೆ ಭಾರವಾದ ಫ್ಲೈವ್ಹೀಲ್ ಇರುತ್ತದೆ. ಅದಕ್ಕೆ ಕ್ಲಚ್ ತಟ್ಟೆಯನ್ನು ಪ್ರೆಶರ್ ಪ್ಲೇಟಿನ ಸ್ಪ್ರಿಂಗ್ ಒತ್ತಿ ಹಿಡಿಯುತ್ತದೆ. ಪೆಡಲು ತುಳಿದಾಗ ಈ ಹಿಡಿತ ಸಡಿಲಗೊಂಡು ಎಂಜಿನ್ನಿಗೂ ಗೇರ್‌ಬಾಕ್ಸಿಗೂ ಸಂಬಂಧ ಕಡಿಯುತ್ತದೆ. ಪರಂಪರಾಗತ ಆಟೋಮ್ಯಾಟಿಕ್‌ನಲ್ಲಿ ಈ ಕ್ಲಚ್ಚಿನ ಜಾಗದಲ್ಲಿ ಟಾರ್ಕ್ ಕನ್ವರ್ಟರ್ ಎಂಬ, ಎಣ್ಣೆ ತುಂಬಿದ ಮುಚ್ಚಿದ ಡ್ರಮ್ ಇರುತ್ತದೆ. ಎಂಜಿನ್ ತಿರುಗಿಸುವ ರೆಕ್ಕೆಗಳು ಎಣ್ಣೆಯನ್ನು ಎಸೆಯುತ್ತವೆ; ಆ ಎಣ್ಣೆಯ ರಭಸಕ್ಕೆ ಎದುರಿನ ರೆಕ್ಕೆಗಳು ತಿರುಗುತ್ತವೆ. ಕಾರು ನಿಂತಿದ್ದಾಗ ಎಣ್ಣೆ ಜಾರುವುದರಿಂದ ಎಂಜಿನ್ ನಿಲ್ಲುವುದಿಲ್ಲ. ಹೊರಡುವ ಗಳಿಗೆಯಲ್ಲಿ ನಡುವಿನ ಸ್ಟೇಟರ್ ಎಣ್ಣೆಯ ದಿಕ್ಕನ್ನು ತಿರುಗಿಸಿ, ತಿರುಗುಬಲವನ್ನು ಸುಮಾರು ಎರಡು ಪಟ್ಟು ಹೆಚ್ಚಿಸಿಕೊಡುತ್ತದೆ. ಅಮೆರಿಕದ ಜನರಲ್ ಮೋಟಾರ್ಸ್ 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿ ನೀಡಿದ ಹೈಡ್ರಾಮ್ಯಾಟಿಕ್‌ನಿಂದ ಆಟೋಮ್ಯಾಟಿಕ್ ಗೇರು ಜನಪ್ರಿಯವಾಯಿತು.

ಭಾರತದ ಸಣ್ಣ ಕಾರುಗಳ ಮಾರುಕಟ್ಟೆಯಲ್ಲಿ ತಿರುವು ಬಂದದ್ದು 2014ರಲ್ಲಿ. ಆ ವರ್ಷ ಮಾರುತಿ ಸುಜುಕಿ ಸಂಸ್ಥೆಯು ಸೆಲೇರಿಯೋ ಕಾರಿನಲ್ಲಿ ಎಎಂಟಿ ಎಂಬ ವ್ಯವಸ್ಥೆಯನ್ನು ತಂದಿತು. ಇಲ್ಲಿ ಗೇರ್‌ಬಾಕ್ಸೂ ಕ್ಲಚ್ಚೂ ಮ್ಯಾನ್ಯುಯಲ್ ಕಾರಿನವೇ. ಕ್ಲಚ್ಚನ್ನು ಒತ್ತುವ ಕಾಲಿನ ಮತ್ತು ಗೇರನ್ನು ಬದಲಿಸುವ ಕೈಯ ಕೆಲಸವನ್ನು ಮಾತ್ರ ಮ್ಯಾಗ್ನೆಟಿ ಮಾರೆಲ್ಲಿ ಸಂಸ್ಥೆಯ ವಿದ್ಯುತ್-ಹೈಡ್ರಾಲಿಕ್ ಘಟಕವೊಂದು ವಹಿಸಿಕೊಳ್ಳುತ್ತದೆ. ಅದೇ ದರ್ಜೆಯ ಮ್ಯಾನ್ಯುಯಲ್ ಕಾರಿಗಿಂತ ಆಗ ಇದಕ್ಕೆ ಇದ್ದ ಹೆಚ್ಚುವರಿ ಬೆಲೆ ಸುಮಾರು 40 ಸಾವಿರ ರೂಪಾಯಿ. ಪರಿವರ್ತನೆಯ ಲೆಕ್ಕ ಹಾಕುವವರು ಈ ಅಂಕಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಬೇಕು.

ಪೂರ್ಣ ಪರಿವರ್ತನೆ

ಯಾವುದೇ ಕಾರಿಗೆ ಯಾವುದೇ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಹೊಂದುವುದಿಲ್ಲ. ಅದೇ ಎಂಜಿನ್ನಿಗೆ ತಯಾರಕರೇ ಆಟೋಮ್ಯಾಟಿಕ್ ಆವೃತ್ತಿ ಮಾಡಿದ್ದರೆ ಮಾತ್ರ ಈ ದಾರಿ ಯೋಚಿಸಲು ಅರ್ಹ. ಉದಾಹರಣೆಗೆ, ಮಾರುತಿಯ 998 ಸಿಸಿ ಮೂರು ಸಿಲಿಂಡರಿನ ಎಂಜಿನ್ 2010ರ ಎ-ಸ್ಟಾರ್ ಆಟೋಮ್ಯಾಟಿಕ್‌ನಲ್ಲಿ 4 ಗೇರಿನ ಟಾರ್ಕ್ ಕನ್ವರ್ಟರ್ ಪೆಟ್ಟಿಗೆಯೊಂದಿಗೂ, ಅದೇ ವರ್ಷದ ಆಲ್ಟೋ ಕೆ10 ಕಾರಿನಲ್ಲಿ ಮ್ಯಾನ್ಯುಯಲ್ ಪೆಟ್ಟಿಗೆಯೊಂದಿಗೂ ಬಂದಿತು. ಇಂಥ ಜೋಡಿಯಿದ್ದಾಗ ಅಪಘಾತದಲ್ಲಿ ಜಖಂಗೊಂಡ ಒಂದು ಇಡೀ ಕಾರನ್ನೇ ದಾನಿಯಾಗಿ ಕೊಳ್ಳುವುದು ಲೇಸು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿಯೋ ಶಿವಾಜಿನಗರದ ಗುಜರಿಯಲ್ಲಿಯೋ ಗೇರ್‌ಬಾಕ್ಸನ್ನು ಮಾತ್ರ ಅಗ್ಗವಾಗಿ ತಂದವರು, ಉಳಿದ ಸಣ್ಣಪುಟ್ಟ ಭಾಗಗಳಿಗಾಗಿ ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ. ಸೆಲೆಕ್ಟರ್ ಲಿವರ್, ಅದರ ಕೇಬಲ್, ಅಗಲವಾದ ಬ್ರೇಕ್ ಪೆಡಲು, ಡ್ರೈವ್ ಶಾಫ್ಟ್‌ಗಳು, ಗೇರ್‌ಬಾಕ್ಸಿನ ಮೌಂಟಿಂಗ್, ಎಣ್ಣೆ ತಂಪಾಗಿಸುವ ಕೂಲರ್ ಮತ್ತು ಅದರ ಕೊಳವೆಗಳು, ಎಂಜಿನ್ನಿನ ಹಾಗೂ ಗೇರ್‌ಬಾಕ್ಸಿನ ಕಂಪ್ಯೂಟರ್, ವೈರಿಂಗ್ ಹಾರ್ನೆಸ್ ಎಲ್ಲವೂ ಬೇಕು. ಒಂದು ಕಡಿಮೆಯಾದರೂ ಕಾರು ಶೆಡ್ಡಿನಲ್ಲೇ ಉಳಿಯುತ್ತದೆ.

ಕೆಲಸ ಆರಂಭಿಸುವ ಮುನ್ನ ಬ್ಯಾಟರಿಯ ಸಂಪರ್ಕ ತೆಗೆಯಬೇಕು. ಕಾರನ್ನು ಎತ್ತಿ ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ಕೂರಿಸಬೇಕು. ಜಾಕ್ ಒಂದನ್ನೇ ನಂಬಿ, ಅಥವಾ ಇಟ್ಟಿಗೆ ಜೋಡಿಸಿ ಅಡಿಯಲ್ಲಿ ಮಲಗುವುದು ಜೀವಕ್ಕೆ ಎರವು. ಸಣ್ಣ ಕಾರಿನ ಮ್ಯಾನ್ಯುಯಲ್ ಗೇರ್‌ಬಾಕ್ಸೇ ಒಬ್ಬರ ಕೈಗೆ ಹೊರೆ. ಆಟೋಮ್ಯಾಟಿಕ್ ಪೆಟ್ಟಿಗೆ ಅದಕ್ಕಿಂತ ಗಣನೀಯವಾಗಿ ಭಾರ. ಎಂಜಿನ್ನಿಗೆ ಮೇಲಿನಿಂದ ಆಸರೆ ಕೊಟ್ಟು, ಎಣ್ಣೆ ಇಳಿಸಿ, ಡ್ರೈವ್ ಶಾಫ್ಟ್ ಕಳಚಿ, ಗೇರ್‌ಬಾಕ್ಸನ್ನು ಹೊರತೆಗೆದ ಬಳಿಕ ಕ್ಲಚ್ ಮತ್ತು ಫ್ಲೈವ್ಹೀಲ್ ಬಿಚ್ಚಬೇಕು. ಹಿಂದಿನ ಚಕ್ರಗಳಿಂದ ಓಡುವ ಹಲವು ಕಾರುಗಳಲ್ಲಿ ಕ್ರ್ಯಾಂಕ್ ಶಾಫ್ಟಿನ ತುದಿಯೊಳಗೆ ಪೈಲಟ್ ಬೇರಿಂಗ್ ಇರುತ್ತದೆ. ಕನ್ವರ್ಟರಿನ ಮೂತಿ ಅಲ್ಲಿ ಕೂರಬೇಕಾದರೆ ಅದನ್ನು ತೆಗೆಯದೆ ವಿಧಿಯಿಲ್ಲ.

ಫ್ಲೈವ್ಹೀಲಿನ ಜಾಗಕ್ಕೆ ತೆಳುವಾದ ಫ್ಲೆಕ್ಸ್ ಪ್ಲೇಟ್ ಬರುತ್ತದೆ. ಹಳೆಯ ಬೋಲ್ಟುಗಳನ್ನೇ ಇದಕ್ಕೂ ಹಾಕುವ ಉಳಿತಾಯಬುದ್ಧಿ ಇಲ್ಲಿ ಕೆಡುಕು ಮಾಡುತ್ತದೆ. ದಪ್ಪ ಫ್ಲೈವ್ಹೀಲಿಗೆ ಮಾಡಿದ ಉದ್ದದ ಬೋಲ್ಟು ತೆಳು ತಟ್ಟೆಯನ್ನು ಬಿಗಿಯುವ ಮೊದಲೇ ರಂಧ್ರದ ತಳ ಮುಟ್ಟಬಹುದು. ಸ್ಪ್ಯಾನರಿಗೆ ಬಿಗಿಯಾದಂತೆ ತೋರುತ್ತದೆ, ತಟ್ಟೆ ಮಾತ್ರ ಸಡಿಲವಾಗಿಯೇ ಇರುತ್ತದೆ.

ಅನನುಭವಿಗಳು ಅತಿ ಹೆಚ್ಚು ನಷ್ಟ ಮಾಡಿಕೊಳ್ಳುವುದು ಮುಂದಿನ ಹಂತದಲ್ಲಿ. ಟಾರ್ಕ್ ಕನ್ವರ್ಟರನ್ನು ಮೊದಲು ಗೇರ್‌ಬಾಕ್ಸಿನೊಳಗೆ ಪೂರ್ತಿಯಾಗಿ ಕೂರಿಸಬೇಕು. ತಿರುಗಿಸುತ್ತ ಒಳಗೆ ನೂಕಿದಾಗ ಇನ್‌ಪುಟ್ ಶಾಫ್ಟಿನ ಹಲ್ಲು, ಸ್ಟೇಟರಿನ ಹಲ್ಲು, ಕಡೆಗೆ ಎಣ್ಣೆ ಪಂಪಿನ ಕಚ್ಚು ಒಂದೊಂದಾಗಿ ಹಿಡಿದುಕೊಂಡು, ಪ್ರತಿ ಬಾರಿಯೂ ಡ್ರಮ್ ಸ್ವಲ್ಪ ಒಳಗೆ ಸರಿಯುವುದು ಕೈಗೆ ತಿಳಿಯುತ್ತದೆ. ಕೊನೆಯ ಕಚ್ಚು ಹಿಡಿಯದೆಯೇ ಪೆಟ್ಟಿಗೆಯನ್ನು ಎಂಜಿನ್ನಿಗೆ ತಾಗಿಸಿ, ಉಳಿದ ಅಂತರವನ್ನು ಬೋಲ್ಟು ಬಿಗಿದು ಎಳೆದುಕೊಂಡರೆ ಪಂಪು ಅಲ್ಲಿಯೇ ಒಡೆಯುತ್ತದೆ. ಬೆಲ್ ಹೌಸಿಂಗ್ ಕೈಯಿಂದ ನೂಕಿದಾಗಲೇ ಎಂಜಿನ್ನಿಗೆ ಅಂಟಿ ಕೂರಬೇಕು. ಆಮೇಲೆಯೂ ಕನ್ವರ್ಟರು ಬೆರಳಿನಿಂದ ಸುಲಭವಾಗಿ ತಿರುಗುತ್ತಿರಬೇಕು. ಹಾಗಿಲ್ಲದಿದ್ದರೆ ಸ್ಪ್ಯಾನರ್ ಕೆಳಗಿಟ್ಟು ಪೆಟ್ಟಿಗೆಯನ್ನು ಮತ್ತೆ ಇಳಿಸುವುದೇ ಕ್ಷೇಮ.

ಎಣ್ಣೆಯ ವಿಷಯದಲ್ಲಿ ತಯಾರಕರು ಸೂಚಿಸಿದ ಆಟೋಮ್ಯಾಟಿಕ್ ಟ್ರಾನ್ಸ್‌ಮಿಷನ್ ಎಣ್ಣೆಯನ್ನೇ ಬಳಸಬೇಕು. ಮಾಮೂಲಿ ಗೇರ್ ಆಯಿಲ್ ಇಲ್ಲಿ ವಿಷ. ಮಟ್ಟವನ್ನು ಬಹುತೇಕ ಪೆಟ್ಟಿಗೆಗಳಲ್ಲಿ ಎಂಜಿನ್ ಓಡುತ್ತಿರುವಾಗಲೇ, ಎಣ್ಣೆ ಬಿಸಿಯಾದ ಮೇಲೆ ನೋಡಲಾಗುತ್ತದೆ. ಹಳೆಯ ಪೆಟ್ಟಿಗೆಯ ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಬರುತ್ತಿದ್ದರೆ, ಅದು ಎಷ್ಟೇ ಅಗ್ಗವಾಗಿ ಸಿಕ್ಕಿದರೂ ಕೊಳ್ಳಬಾರದು.

ಯಾಂತ್ರಿಕ ಕೆಲಸ ಮುಗಿದಾಗ ಅರ್ಧ ದಾರಿ ಮಾತ್ರ ಕ್ರಮಿಸಿದಂತೆ. ಉಳಿದರ್ಧ ವೈರಿಂಗ್. ಸೆಲೆಕ್ಟರ್ ಪಾರ್ಕ್ ಅಥವಾ ನ್ಯೂಟ್ರಲ್‌ನಲ್ಲಿದ್ದಾಗ ಮಾತ್ರ ಸ್ಟಾರ್ಟರಿಗೆ ವಿದ್ಯುತ್ ಹರಿಯಬಿಡುವ ಒಂದು ಸ್ವಿಚ್ಚು ಪ್ರತಿ ಆಟೋಮ್ಯಾಟಿಕ್ ಕಾರಿನಲ್ಲಿರುತ್ತದೆ. ಅದರ ತಂತಿ ಹುಡುಕುವ ತಾಳ್ಮೆಯಿಲ್ಲದೆ ನೇರ ಸಂಪರ್ಕ ಕೊಡುವ ಮೆಕ್ಯಾನಿಕ್‌ಗಳುಂಟು. ಹಾಗೆ ಮಾಡಿದ ಕಾರು ಯಾರೋ ಡಿ ಸ್ಥಾನದಲ್ಲಿ ಬಿಟ್ಟಿದ್ದಾಗ ಕೀ ತಿರುವಿದೊಡನೆ ಮುಂದಕ್ಕೆ ನುಗ್ಗುತ್ತದೆ. ಅಂಗಡಿಯ ಮುಂದೆ ಸರಕು ಇಳಿಸುತ್ತಿರುವ ಹಮಾಲಿಯೋ, ಅಂಗಳದಲ್ಲಿ ಆಡುತ್ತಿರುವ ಮಗುವೋ ಎದುರಿಗಿದ್ದರೆ ಆಗುವ ಅನಾಹುತವನ್ನು ಯಾವ ಉಳಿತಾಯವೂ ತುಂಬಿಕೊಡಲಾರದು. ಈ ಒಂದು ಸ್ವಿಚ್ಚು ಸರಿಯಾಗಿ ಕೆಲಸ ಮಾಡದ ಹೊರತು ಕಾರನ್ನು ಶೆಡ್ಡಿನಿಂದ ಹೊರಗೆ ತರಲೇಬಾರದು.

ಎಂಜಿನ್ನಿನ ಕಂಪ್ಯೂಟರನ್ನೂ ಬದಲಿಸಬೇಕಾಗುತ್ತದೆ ಅಥವಾ ಮರುಹೊಂದಿಸಬೇಕಾಗುತ್ತದೆ. ಡಿ ಸ್ಥಾನಕ್ಕೆ ಹಾಕಿದೊಡನೆ ಎಂಜಿನ್ನಿನ ಮೇಲೆ ಹೊರೆ ಬಿದ್ದು ಅದರ ವೇಗ ಕುಸಿಯುತ್ತದೆ; ಆಟೋಮ್ಯಾಟಿಕ್‌ಗೆಂದು ಬರೆದ ಪ್ರೋಗ್ರಾಮು ಅದನ್ನು ಸರಿದೂಗಿಸುತ್ತದೆ, ಮ್ಯಾನ್ಯುಯಲ್‌ಗೆ ಬರೆದದ್ದಕ್ಕೆ ಆ ಪರಿಯೇ ತಿಳಿಯದು. ಇಮ್ಮೊಬಿಲೈಸರ್ ಇರುವ ಕಾರಿನಲ್ಲಿ ಹಳೆಯ ಕೀ ಹೊಸ ಕಂಪ್ಯೂಟರನ್ನು ಒಪ್ಪುವುದೂ ಇಲ್ಲ. ಇದಕ್ಕೆ ಸ್ಕ್ಯಾನರ್ ಯಂತ್ರವೂ ಬಲ್ಲವರ ನೆರವೂ ಬೇಕು.

ಎಎಂಟಿ ಮತ್ತು ಕ್ಲಚ್ ಕಿಟ್ಟುಗಳು

ಎಎಂಟಿ ಆವೃತ್ತಿಯುಳ್ಳ ಕಾರಿಗೆ ದಾನಿ ಕಾರಿನ ಗೇರ್‌ಬಾಕ್ಸನ್ನು ಅದರ ಮೇಲಿನ ಘಟಕದ ಸಮೇತ ತರುವುದು ಎರಡನೆಯ ದಾರಿ. ಯಾಂತ್ರಿಕ ಹೊಂದಾಣಿಕೆ ಇಲ್ಲಿ ಸುಲಭ. ವೈರಿಂಗ್ ತೊಡಕು ಮೊದಲಿನಷ್ಟೇ. ಜೋಡಿಸಿದ ಬಳಿಕ ಕ್ಲಚ್ ಎಲ್ಲಿ ಹಿಡಿಯುತ್ತದೆಂಬುದನ್ನು ಸ್ಕ್ಯಾನರ್ ಮೂಲಕ ಕಂಪ್ಯೂಟರಿಗೆ ಕಲಿಸಬೇಕು. ಮಾರುತಿಯ ಇಂಥ ಕಾರುಗಳಲ್ಲಿ ಪಾರ್ಕ್ ಸ್ಥಾನವಿಲ್ಲವಾದುದರಿಂದ ಹ್ಯಾಂಡ್ ಬ್ರೇಕ್ ಸುಸ್ಥಿತಿಯಲ್ಲಿರುವುದು ಅಗತ್ಯ.

ಮಂಡಿನೋವಿಗೆ ಪರಿಹಾರ ಬೇಕಾದವರಿಗೆ ಬಹಳ ಸಲ ಮೂರನೆಯ ದಾರಿಯೇ ಸಾಕು. ಗೇರ್‌ಬಾಕ್ಸನ್ನು ಮುಟ್ಟದೆ, ಕ್ಲಚ್ಚಿನ ಕೇಬಲನ್ನು ಎಳೆಯಲು ಒಂದು ಮೋಟಾರನ್ನೋ ವ್ಯಾಕ್ಯೂಮ್ ಘಟಕವನ್ನೋ ಅಳವಡಿಸಿ, ಗೇರ್ ಹಿಡಿಯಲ್ಲಿ ಒಂದು ಸ್ವಿಚ್ಚು ಇಡುವುದು ಇದರ ಕ್ರಮ. ಗೇರನ್ನು ಚಾಲಕನೇ ಬದಲಿಸುತ್ತಾನೆ, ಕಾಲಿಗೆ ಕೆಲಸವಿಲ್ಲ. ವಿಚಾರ ಹೊಸದೇನಲ್ಲ. ಜರ್ಮನಿಯ ಫಿಕ್ಟೆಲ್ ಉಂಡ್ ಸಾಕ್ಸ್ ಸಂಸ್ಥೆಯ ಸ್ಯಾಕ್ಸೊಮ್ಯಾಟ್ ಕ್ಲಚ್ 1950ರ ದಶಕದಲ್ಲಿಯೇ ವ್ಯಾಕ್ಯೂಮ್ ಬಲದಿಂದ ಹೀಗೆ ಕೆಲಸ ಮಾಡುತ್ತಿತ್ತು. ಈ ಮಾರ್ಗದ ದೊಡ್ಡ ಗುಣವೆಂದರೆ ಪೆಡಲು ತನ್ನ ಜಾಗದಲ್ಲೇ ಉಳಿಯುವುದು: ವಿದ್ಯುತ್ ಕೈಕೊಟ್ಟರೆ ಕಾಲಿನಿಂದ ಚಲಾಯಿಸಿ ಮನೆ ಸೇರಬಹುದು. ಏರಿನಲ್ಲಿ ಬ್ರೇಕ್ ಬಿಟ್ಟು ಆಕ್ಸಿಲರೇಟರಿನಿಂದಲೇ ಕಾರನ್ನು ಹಿಡಿದು ನಿಲ್ಲಿಸುವ ಅಭ್ಯಾಸವಿದ್ದರೆ ಮಾತ್ರ ಕ್ಲಚ್ ತಟ್ಟೆ ಬೇಗನೆ ಸುಡುತ್ತದೆ.

ಖರ್ಚು ಮತ್ತು ಕಾನೂನು

ಪೂರ್ಣ ಪರಿವರ್ತನೆಯ ಲೆಕ್ಕದಲ್ಲಿ ಭಾಗಗಳ ಬೆಲೆಯ ಜೊತೆಗೆ ಸಾಗಣೆ, ಎಣ್ಣೆ, ಸ್ಕ್ಯಾನರ್ ಕೆಲಸ, ಕಾರಿಲ್ಲದ ವಾರಗಳ ಬಾಡಿಗೆ ಮತ್ತು ಮಾಲೀಕನ ಸ್ವಂತ ಸಮಯವನ್ನೂ ಬರೆಯಬೇಕು. ಮ್ಯಾನ್ಯುಯಲ್ ಕಾರನ್ನು ಮಾರಿ ಅದೇ ವಯಸ್ಸಿನ ಎಎಂಟಿ ಕಾರನ್ನು ಕೊಂಡರೆ ಬರುವ ವ್ಯತ್ಯಾಸವನ್ನು ಅದರ ಪಕ್ಕದಲ್ಲಿಟ್ಟು ನೋಡಿದಾಗ ಹೆಚ್ಚಿನ ಸಂದರ್ಭಗಳಲ್ಲಿ ಪರಿವರ್ತನೆ ಸೋಲುತ್ತದೆ. ಪರಿವರ್ತಿತ ಕಾರಿಗೆ ಮರುಮಾರಾಟದ ಬೆಲೆಯೂ ಕಡಿಮೆ.

ಕಾನೂನಿನ ಮಾತು ಇನ್ನೂ ಕಟ್ಟುನಿಟ್ಟು. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ಮಾಲೀಕರು ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಕಲಮನ್ನು ಬಿಗಿಯಾಗಿಯೇ ಅರ್ಥೈಸಿತು. ಅದೇ ವರ್ಷದ ತಿದ್ದುಪಡಿಯಿಂದ ಬಂದ 182ಎ ಕಲಮಿನಂತೆ, ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕನಿಗೆ 6 ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ ವಿಧಿಸಬಹುದು. ನೋಂದಣಿ ಪತ್ರದಲ್ಲಿ ವಾಹನದ ತೂಕವೂ ದಾಖಲಾಗಿರುತ್ತದೆ ಎಂಬುದನ್ನು, ಗೇರ್‌ಬಾಕ್ಸಿನ ಹೆಸರು ಅಲ್ಲಿಲ್ಲವೆಂದು ವಾದಿಸುವವರು ಗಮನಿಸಬೇಕು. ಆದ್ದರಿಂದ ಸ್ಪ್ಯಾನರ್ ಹಿಡಿಯುವ ಮೊದಲೇ ಪ್ರಾದೇಶಿಕ ಸಾರಿಗೆ ಅಧಿಕಾರಿಗಳಿಗೆ ಲಿಖಿತ ಅರ್ಜಿ ಸಲ್ಲಿಸಿ, ಅವರ ಉತ್ತರವನ್ನು ಕಡತದಲ್ಲಿಟ್ಟುಕೊಳ್ಳುವುದು ಸರಿಯಾದ ಕ್ರಮ. ವಿಮಾ ಕಂಪನಿಗೂ ತಿಳಿಸಬೇಕು. ತಿಳಿಸದ ಮಾರ್ಪಾಡು ಕ್ಲೇಮು ತಿರಸ್ಕರಿಸಲು ಕಾರಣವಾಗಬಲ್ಲದು.

ಅಂಗವಿಕಲರ ವಿಷಯ ಬೇರೆ. ಅವರ ಬಳಕೆಗೆಂದು ಹೊಂದಿಸಿದ ವಾಹನಕ್ಕೆ ಕಾಯಿದೆಯಲ್ಲಿಯೇ ಪ್ರತ್ಯೇಕ ಸ್ಥಾನವಿದೆ. 2002ರ ಭಾರತೀಯ ಮೋಟಾರು ವಿಮಾ ದರಪಟ್ಟಿಯು ಇಂಥ ವಾಹನಗಳಿಗೆ ಸ್ವಂತ ಹಾನಿಯ ಪ್ರೀಮಿಯಂನಲ್ಲಿ ಶೇಕಡ 50 ರಿಯಾಯಿತಿಯನ್ನು ಒದಗಿಸಿತ್ತು. ಎಡಗಾಲು ಶಾಶ್ವತವಾಗಿ ದುರ್ಬಲವಾಗಿರುವವರು ವೈದ್ಯಕೀಯ ಪ್ರಮಾಣಪತ್ರದೊಂದಿಗೆ ಈ ಮಾರ್ಗವನ್ನೇ ಹಿಡಿಯುವುದು ಒಳಿತು.

ಈ ಕ್ಷೇತ್ರಕ್ಕೆ ಬಿಡಿಭಾಗ ಮಾಡಬಯಸುವ ಸಣ್ಣ ಕಾರ್ಖಾನೆಗಳಿಗೂ ಒಂದೆರಡು ಮಾತು ಸಲ್ಲುತ್ತದೆ. ಬೇರೆ ಗೇರ್‌ಬಾಕ್ಸನ್ನು ಎಂಜಿನ್ನಿಗೆ ಕೂಡಿಸುವ ಅಡಾಪ್ಟರ್ ತಟ್ಟೆಯನ್ನು ಲೇತಿನಲ್ಲಿ ತಿರುವಿದರೆ ಸಾಲದು. ಬೆಲ್ ಹೌಸಿಂಗಿನ ರಂಧ್ರವು ಕ್ರ್ಯಾಂಕ್ ಶಾಫ್ಟಿನ ಕೇಂದ್ರದೊಡನೆ ಹೊಂದಿದೆಯೇ ಎಂದು ಡಯಲ್ ಗೇಜಿನಿಂದ ಅಳೆಯಬೇಕು. ಒಂದು ಪೂರ್ತಿ ಸುತ್ತಿನಲ್ಲಿ ಮುಳ್ಳು 0.005 ಅಂಗುಲ, ಅಂದರೆ ಸುಮಾರು 0.13 ಮಿಲಿಮೀಟರಿಗಿಂತ ಹೆಚ್ಚು ಆಡಬಾರದೆಂಬುದು ಸಾಮಾನ್ಯ ರೂಢಿ. ಕ್ಲಚ್ ಕಿಟ್ಟುಗಳಲ್ಲಿ ಕೇಬಲ್ ತುಂಡಾದಾಗ, ಫ್ಯೂಸ್ ಹೋದಾಗ, ಗೇರ್ ಹಿಡಿಯ ಸ್ವಿಚ್ಚು ಒತ್ತಿದಂತೆಯೇ ಸಿಕ್ಕಿಕೊಂಡಾಗ ಕಾರು ಹೇಗೆ ವರ್ತಿಸುತ್ತದೆ ಎಂಬುದನ್ನು ತಯಾರಿಕೆಗೆ ಮುನ್ನವೇ ಒಂದೊಂದಾಗಿ ಪರೀಕ್ಷಿಸಿ ಬರೆದಿಡಬೇಕು. ಸುರಕ್ಷತೆಗೆ ನಿರ್ಣಾಯಕವೆಂದು ಸರ್ಕಾರ ಘೋಷಿಸಿದ ಬಿಡಿಭಾಗವನ್ನು ನಿಯಮಕ್ಕೆ ವಿರುದ್ಧವಾಗಿ ಮಾರಿದರೆ 182ಎ ಕಲಮಿನಡಿಯಲ್ಲಿಯೇ ಒಂದು ವರ್ಷದವರೆಗೆ ಸೆರೆವಾಸ ಅಥವಾ ಬಿಡಿಭಾಗವೊಂದಕ್ಕೆ ಒಂದು ಲಕ್ಷ ರೂಪಾಯಿಯ ದಂಡವಿದೆ. ಹಣಕಾಸು ಹೂಡುವ ಮುನ್ನ ಪುಣೆಯ ಎಆರ್‌ಎಐ ಮುಂತಾದ ಮಾನ್ಯತೆ ಪಡೆದ ಪರೀಕ್ಷಾ ಸಂಸ್ಥೆಗಳಲ್ಲಿ ಯಾವ ಪರೀಕ್ಷೆ ಬೇಕಾಗುತ್ತದೆ, ಅದಕ್ಕೆ ಶುಲ್ಕವೆಷ್ಟು ಎಂದು ವಿಚಾರಿಸಿ ತಯಾರಿಕಾ ವೆಚ್ಚದಲ್ಲಿ ಸೇರಿಸಿಕೊಳ್ಳಬೇಕು.